ಗಂಜಿ ಕೇಳಿದವನಿಗೆ ಕಂಚಿ

ಕೊಲ್ಲೂರಿನ ಗುಡಿಯಲ್ಲಿ ವಿಜಯದಶಮಿಯ ಬೆಳಗ್ಗೆ ಒಮ್ಮೆ ನಿಂತು ನೋಡಬೇಕು. ಹಿರಿಯರ ತೊಡೆಯೇರಿದ ಪುಟಾಣಿಗಳು ತಟ್ಟೆಯ ಅಕ್ಕಿಯಲ್ಲಿ ಬೆರಳೂರಿ ಮೊದಲ ಅಕ್ಷರ ತಿದ್ದುತ್ತಿರುತ್ತವೆ. ತಿದ್ದಲು ಒಲ್ಲದವು ಗುಡಿ ಕಿತ್ತುಹೋಗುವಂತೆ ರಾಗ ತೆಗೆಯುತ್ತವೆ. ಘಟ್ಟದ ಮೇಲಿನವರು, ಕರಾವಳಿಯವರು, ಕೇರಳದಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದವರು ಒಂದೇ ಸಾಲಿನಲ್ಲಿ. ಸರಸ್ವತಿ ಮಂಟಪದಲ್ಲಿ ಯಾರೋ ಹಾಡುತ್ತಿರುತ್ತಾರೆ, ಇನ್ಯಾರೋ ಗೆಜ್ಜೆ ಕಟ್ಟಿಕೊಳ್ಳುತ್ತಿರುತ್ತಾರೆ. ಗಾಯಕ ಯೇಸುದಾಸ್ ತಮ್ಮ ಹುಟ್ಟುಹಬ್ಬವಾದ ಜನವರಿ 10ರಂದು ಇಲ್ಲಿಗೆ ಬಂದು ದೇವಿಯೆದುರು ಹಾಡುವುದನ್ನು ವರ್ಷಾನುಗಟ್ಟಲೆ ವ್ರತದಂತೆ ನಡೆಸಿಕೊಂಡು ಬಂದವರು. ಅಕ್ಷರ ಬೇಕೆನ್ನುವವರು, ಕಂಠ ಬೇಕೆನ್ನುವವರು, ಮಾತು ತಡವಾದ ಮಗುವಿಗೆ ಮಾತು ಬರಲಿ ಎಂದು ಹರಕೆ ಹೊತ್ತವರು ಎಲ್ಲರೂ ಬರುವುದು ಈ ತಾಯಿಯ ಬಳಿಗೆ. ತಾಯಿಯ ಹೆಸರಿನ ಮೊದಲರ್ಧವೋ ‘ಮೂಕ’!

ಸ್ಥಳಪುರಾಣ ಬಲ್ಲವರಿಗೆ ಇದರ ಗುಟ್ಟು ಗೊತ್ತು. ಕಂಹಾಸುರನೆಂಬ ರಾಕ್ಷಸ ಘೋರ ತಪಸ್ಸು ಮಾಡಿದ. ದೇವರು ಪ್ರತ್ಯಕ್ಷನಾಗಿ ಏನು ವರ ಬೇಕೆಂದು ಕೇಳುವ ಹೊತ್ತಿಗೆ ಸರಿಯಾಗಿ ವಾಗ್ದೇವಿ ಅವನ ಮಾತನ್ನೇ ಕಿತ್ತುಕೊಂಡಳು. ತಪಸ್ಸೆಲ್ಲ ಮುಗಿದಿದೆ, ವರ ಕೊಡುವವನು ಎದುರಿಗಿದ್ದಾನೆ, ಕೇಳೋಣವೆಂದರೆ ನಾಲಿಗೆಯಿಲ್ಲ. ಕಂಹಾಸುರ ಮೂಕಾಸುರನಾದ. ರೋಷದಿಂದ ಹಾವಳಿಗೆ ಇಳಿದವನನ್ನು ದೇವಿ ಕೊಂದು ಸದ್ಗತಿ ಕೊಟ್ಟಳು. ಕೊಂದ ಜಾಗ ಮಾರಣಕಟ್ಟೆ, ಕೊಂದವಳು ಮೂಕಾಂಬಿಕೆ. ಸೋತವನ ಹೆಸರನ್ನು ಗೆದ್ದವಳು ಇಟ್ಟುಕೊಂಡಳು. ಮಹಿಷನನ್ನು ಕೊಂದವಳು ಮಹಿಷಮರ್ದಿನಿಯಾದಳು, ಅಲ್ಲಿ ‘ಮರ್ದಿನಿ’ ಇದೆ. ಇಲ್ಲಿ ಅದೂ ಇಲ್ಲ. ಮೂಕನ ಅಂಬಿಕೆ, ಅಷ್ಟೇ. ಮಾತು ಕಿತ್ತುಕೊಂಡವರೇ ಅವನಿಗೆ ತಾಯಿಯೂ ಆದರು.

‘ಮೂಕ’ ಎಂಬ ಈ ಪದ ಹೀಗೆಯೇ. ಸುಮ್ಮನಿರುವುದೆಂದು ಅರ್ಥ ಹೇಳುತ್ತ ಊರೆಲ್ಲ ಗದ್ದಲ ಎಬ್ಬಿಸುತ್ತದೆ.

ಸಂಸ್ಕೃತದ ‘ಮೂಕ’ಕ್ಕೆ ಹಳೆಯ ವೈಯಾಕರಣರು ಹೇಳುವ ಧಾತು ‘ಮೂ’, ಅಂದರೆ ಕಟ್ಟು. ನಾಲಿಗೆ ಕಟ್ಟಿಹಾಕಲ್ಪಟ್ಟವನು ಮೂಕ. ಲ್ಯಾಟಿನ್ನಿನ ‘ಮೂತುಸ್’ ಇದರ ದೂರದ ನೆಂಟ, ಇಂಗ್ಲಿಷಿನ ‘ಮ್ಯೂಟ್’ ಆ ಮನೆಯ ಮಗ. ಟಿವಿಯ ರಿಮೋಟಿನ ಮೇಲೆ ಕೂತಿರುವ ಗುಂಡಿಗೂ ಕೊಲ್ಲೂರಿನ ಅಸುರನಿಗೂ ಹೀಗೊಂದು ಬಳ್ಳಿ ಸಂಬಂಧ. ತುಟಿ ಬಿಗಿದು ದನಿ ಹೊರಡಿಸಿ ನೋಡಿ, ‘ಮ್‌’ ಅನ್ನುವುದೊಂದೇ ಸಾಧ್ಯ. ಬಾಯಿ ಮುಚ್ಚಿದವನ ಸದ್ದೇ ಅವನ ಹೆಸರಿನ ಮೊದಲಕ್ಷರವಾಯಿತು ಎನ್ನುವ ಪಂಡಿತರೂ ಇದ್ದಾರೆ. ಸಂಸ್ಕೃತ ನಿಘಂಟುಗಳು ‘ಮೂಕ’ಕ್ಕೆ ಮೀನು ಎಂಬ ಅರ್ಥವನ್ನೂ ಕೊಡುತ್ತವೆ. ಇದು ನ್ಯಾಯ, ಮೀನು ಮಾತಾಡಿದ್ದನ್ನು ಕೇಳಿದವರಿಲ್ಲ. ಆದರೆ ಮಹಾಭಾರತದ ವನಪರ್ವದಲ್ಲಿ ಮೂಕನೆಂಬ ಇನ್ನೊಬ್ಬ ದಾನವನಿದ್ದಾನೆ. ಹಂದಿಯ ರೂಪದಲ್ಲಿ ಅರ್ಜುನನ ಮೇಲೆ ನುಗ್ಗಿ ಬಂದವನು. ಬೇಡನ ವೇಷದ ಶಿವನೂ ಅರ್ಜುನನೂ ಒಟ್ಟಿಗೇ ಬಾಣ ಬಿಟ್ಟದ್ದು, ಬೇಟೆ ನನ್ನದು ತನ್ನದು ಎಂದು ಇಬ್ಬರೂ ಜಗಳಕ್ಕೆ ನಿಂತದ್ದು, ಕೊನೆಗೆ ಪಾಶುಪತ ಸಿಕ್ಕಿದ್ದು ಎಲ್ಲ ಇವನ ಹೆಣದ ಮೇಲೆಯೇ. ಬಯಲಾಟದಲ್ಲಿ ಈ ಹಂದಿ ರಂಗಕ್ಕೆ ಬರುವ ಅಬ್ಬರ ನೋಡಿದ ಯಾರಿಗೂ ಅದರ ಹೆಸರು ಮೂಕ ಎಂದರೆ ನಂಬಿಕೆ ಬರಲಿಕ್ಕಿಲ್ಲ.

ಮರಾಠಿಗೆ ಹೋದರೆ ಇನ್ನೊಂದು ತಮಾಷೆ. ಅಲ್ಲಿ ‘ಮುಕಾ’ ಎಂದರೆ ಮೂಕ, ‘ಮುಕಾ’ ಎಂದರೆ ಮುತ್ತು ಕೂಡ. ಬೇರುಗಳು ಬೇರೆ, ಕೆಲಸ ಮಾತ್ರ ಒಂದೇ: ಎರಡರಲ್ಲೂ ಬಾಯಿಗೆ ಮಾತಾಡುವ ಬಿಡುವಿಲ್ಲ.

ಇದನ್ನು ಬರೆಯುತ್ತಿರುವ ಮಲೆನಾಡಿನ ಹೈಸ್ಕೂಲು ಕನ್ನಡ ಮೇಷ್ಟ್ರಿಗೆ ಈ ಪದದ ಬೆನ್ನು ಹತ್ತುವ ಉಮೇದು ಹುಟ್ಟಿದ್ದು ನಿಘಂಟಿನಿಂದಲ್ಲ, ಗಂಟಲಿನಿಂದ. ಮಳೆಗಾಲದ ಶೀತ, ಅದರ ಮೇಲೆ ಹೆಂಚಿನ ಮಾಡಿನ ಕ್ಲಾಸಿನಲ್ಲಿ ಮಳೆಯ ಸದ್ದನ್ನು ಮೀರಿಸಲು ಕೂಗಿದ್ದು, ಅದರ ಮೇಲೆ ನಾಟಕದ ತಾಲೀಮು. ಒಂದು ಬೆಳಗ್ಗೆ ಎದ್ದು ‘ಕಾಫಿ’ ಎನ್ನಹೋದರೆ ಗಾಳಿ ಮಾತ್ರ ಹೊರಬಂತು. ಕನ್ನಡದಲ್ಲಿ ಇದಕ್ಕೆ ಮಾತುಗಳು ಎಷ್ಟು ಬೇಕಾದರೂ ಇವೆ: ಗಂಟಲು ಕಟ್ಟಿದೆ, ಗಂಟಲು ಕೂತಿದೆ, ಸ್ವರ ಬಿದ್ದಿದೆ, ದನಿ ಒಡೆದಿದೆ. ಪೇಟೆಯ ಡಾಕ್ಟರ ಬೋರ್ಡಿನಲ್ಲಿ ಎಂದಿನಂತೆ ‘ಕಿವಿ, ಮೂಗು, ಗಂಟಲು’ ಎಂದು ಬರೆದಿತ್ತು. ಅವರು ಕನ್ನಡಿ ಇಳಿಸಿ ನೋಡಿ, ಸ್ವರತಂತುಗಳು ಊದಿಕೊಂಡಿವೆ ಎಂದರು. ಮಾತು ನಿಲ್ಲಿಸಬೇಕು, ಪಿಸುಮಾತೂ ಕೂಡದು, ಪಿಸುಗುಟ್ಟಿದರೆ ಗಂಟಲಿಗೆ ಇನ್ನೂ ಆಯಾಸ ಎಂದು ತಾಕೀತು ಮಾಡಿದರು. ಮಾತೇ ಹೊಟ್ಟೆಪಾಡಾದ ಮನುಷ್ಯನಿಗೆ ಇದು ಉಪವಾಸದ ಶಿಕ್ಷೆ.

ಮನೆಗೆ ಬಂದ ಮೇಷ್ಟ್ರು ಡಾಕ್ಟರ ಮಾತನ್ನು ಸಂಜೆಯವರೆಗೂ ಪಾಲಿಸಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಪಿಸುದನಿಯಲ್ಲಿ ‘ಗಂಜಿ’ ಎಂದರು. ಒಲೆಯ ಮುಂದಿದ್ದ ಅಮ್ಮನಿಗೆ ಮೊದಲೇ ಕಿವಿ ಸ್ವಲ್ಪ ಮಂದ. ಸೌಟು ಹಿಡಿದುಕೊಂಡೇ ತಿರುಗಿದರು.

“ಕಂಚಿಗಾ? ಈ ಮಳೇಲಿ ಕಂಚಿಗೆ ಯಾಕೋ ಮಾರಾಯ? ನವರಾತ್ರಿ ಕಳೀಲಿ, ಎಲ್ಲರೂ ಹೋಗೋಣ.”

ಮೇಷ್ಟ್ರ ಹೆಂಡತಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ರೀ, ಬರ್ದು ತೋರಿಸ್ರೀ,” ಎಂದು ಮಗನ ಹಳೇ ಸ್ಲೇಟು ತಂದುಕೊಟ್ಟರು.

ಅಮ್ಮನ ಕಿವಿಯ ಮೇಲೆ ತಪ್ಪು ಹೊರಿಸುವಂತಿಲ್ಲ. ತಪ್ಪು ಅಘೋಷದ್ದು. ಕ, ಚ, ಟ, ತ, ಪಗಳನ್ನು ಅಘೋಷ ಎಂದೂ ಗ, ಜ, ಡ, ದ, ಬಗಳನ್ನು ಘೋಷ ಎಂದೂ ಬೋರ್ಡಿನ ಮೇಲೆ ಬರೆದು ಮೇಷ್ಟ್ರು ವರ್ಷವೂ ಪಾಠ ಮಾಡುತ್ತಾರೆ. ಗಂಟಲ ಮೇಲೆ ಬೆರಳಿಟ್ಟು ‘ಗ್‌’ ಎಂದರೆ ಒಳಗೇನೋ ನಡುಗುತ್ತದೆ, ‘ಕ್‌’ ಎಂದರೆ ಇಲ್ಲ. ನಡುಗುವುದು ಸ್ವರತಂತು. ಸಾಮಾನ್ಯವಾಗಿ ಗಂಡಸರಲ್ಲಿ ಸೆಕೆಂಡಿಗೆ ನೂರರ ಆಸುಪಾಸು, ಹೆಂಗಸರಲ್ಲಿ ಇನ್ನೂರರ ಆಸುಪಾಸು ಸಲ. ವೇದೋಚ್ಚಾರಣೆಯ ಗ್ರಂಥಗಳಾದ ಪ್ರಾತಿಶಾಖ್ಯಗಳನ್ನು ಬರೆದ ಹಿರಿಯರು ಇದನ್ನು ಯಾವ ಯಂತ್ರವೂ ಇಲ್ಲದ ಕಾಲದಲ್ಲಿ ಕಂಡುಕೊಂಡಿದ್ದರು. ಕಂಠ ಕಿರಿದಾದರೆ ನಾದ, ತೆರೆದರೆ ಬರಿಯ ಶ್ವಾಸ ಎಂದು ಅವರು ವಿಂಗಡಿಸಿದರು. ಯುರೋಪಿನ ಭಾಷಾವಿಜ್ಞಾನಿಗಳಿಗೆ ಈ ಭೇದ ಖಚಿತವಾದದ್ದು 19ನೆಯ ಶತಮಾನದಲ್ಲಿ, ಅದೂ ಸಂಸ್ಕೃತದ ಈ ಶಾಸ್ತ್ರ ಅವರ ಕೈಸೇರಿದ ಮೇಲೆ.

ಪಿಸುಮಾತಿನಲ್ಲಿ ಸ್ವರತಂತು ಕಂಪಿಸುವುದೇ ಇಲ್ಲ. ಹಾಗಾಗಿ ಘೋಷಾಕ್ಷರಗಳೆಲ್ಲ ಮಾನ ಕಳೆದುಕೊಂಡು ಅಘೋಷಗಳ ಪಕ್ಕಕ್ಕೆ ಬಂದು ಕೂರುತ್ತವೆ. ಗಂಜಿಯ ಗಕಾರ ಕಕಾರದಂತೆ, ಜಕಾರ ಚಕಾರದಂತೆ. ಗಂಜಿ ಕಂಚಿಯಾಗದೆ ಇನ್ನೇನಾದೀತು? ಆ ದಿನಗಳಲ್ಲಿ ಮೇಷ್ಟ್ರ ಮನೆಯಲ್ಲಿ ದನ ‘ತನ’ವಾಯಿತು, ಬೇಳೆ ‘ಪೇಳೆ’ಯಾಯಿತು. ‘ಗಾಡಿ ಬಂತು’ ಎಂದದ್ದು ಏನೇನೋ ಆಗಿ ಪಕ್ಕದ ಮನೆಯವರೆಗೂ ಹೋಗಿ ನಗುವಾಗಿ ಹಿಂತಿರುಗಿತು.

ಸ್ಲೇಟು ಹಿಡಿದು ಕೂತ ಮೇಷ್ಟ್ರಿಗೆ ಆಗ ಹೊಳೆದ ಸಂಗತಿಯೊಂದಿದೆ. ಕನ್ನಡಕ್ಕೆ ಅಘೋಷವೆಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಎರಡು ಪದ ಸೇರಿದರೆ ಸಾಕು, ಕಕಾರ ಗಕಾರವಾಗಿ ಮಳೆಗಾಲ, ತಕಾರ ದಕಾರವಾಗಿ ಬೆಟ್ಟದಾವರೆ, ಪಕಾರ ಬಕಾರವಾಗಿ ಕಂಬನಿ. ಸಂಸ್ಕೃತದಿಂದ ಬಂದ ನೆಂಟರಿಗೂ ಅದೇ ಉಪಚಾರ: ಆಕಾಶ ಆಗಸವಾಯಿತು, ಅಟವಿ ಅಡವಿಯಾಯಿತು, ವಸತಿ ಬಸದಿಯಾಯಿತು. 13ನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಇಂಥ ರೂಪಾಂತರಗಳಿಗೆಂದೇ ಅಪಭ್ರಂಶ ಪ್ರಕರಣವನ್ನು ಇಟ್ಟ. ಈ ದಾರಿಯಲ್ಲೇ ‘ಮೂಕ’ ಕನ್ನಡಕ್ಕೆ ಬಂದು ‘ಮೂಗ’ನಾದ. ಅಂದರೆ, ದನಿಯಿಲ್ಲದವನ ಹೆಸರಿನಲ್ಲಿದ್ದ ದನಿಯಿಲ್ಲದ ಅಕ್ಷರಕ್ಕೆ ಕನ್ನಡದ ಬಾಯಿ ದನಿ ಕೊಟ್ಟಿತು. ತೆಲುಗಿನವರೂ ಮೂಗ ಎನ್ನುತ್ತಾರೆ. ತಮಿಳರದು ಬೇರೆಯೇ ಪದ, ಊಮೈ.

ಅಮ್ಮನಿಗೆ ಈ ವ್ಯಾಕರಣದಲ್ಲಿ ಆಸಕ್ತಿಯಿರಲಿಲ್ಲ. ಅವರು ಕಲ್ಲುಸಕ್ಕರೆ, ಕಾಳುಮೆಣಸು, ಜ್ಯೇಷ್ಠಮಧುವಿನ ತುಂಡು ಕೊಟ್ಟರು, ಆಮೇಲೆ ಬಜೆ ಬೇರು ತೇಯಲು ಕೂತರು. ಹಳ್ಳಿಮನೆಗಳಲ್ಲಿ ಮಗುವಿಗೆ ಮಾತು ಚೆನ್ನಾಗಿ ಬರಲೆಂದು ನಾಲಿಗೆಗೆ ಬಜೆ ಸವರುವ ರೂಢಿಯಿತ್ತು. ಈಗಿನ ಮಕ್ಕಳ ಡಾಕ್ಟರುಗಳು ಕೂಸುಗಳಿಗೆ ಇದು ಬೇಡ ಎನ್ನುತ್ತಾರೆ. ಆ ಬೇರಿನ ಸಂಸ್ಕೃತದ ಹೆಸರು ‘ವಚಾ’, ಮಾತಿಗೆ ಸಂಬಂಧಿಸಿದ್ದು. ಅದರ ಚಕಾರವನ್ನೂ ಕನ್ನಡ ಜಕಾರ ಮಾಡಿ ಬಜೆ ಎಂದಿತು. ಮದ್ದಿನ ಹೆಸರಿಗೂ ದನಿ ಬಂತು. ಮೇಷ್ಟ್ರಿಗೆ ಬಂದದ್ದು ಮಾತ್ರ ನಿಧಾನವಾಗಿ, ಮಾತು ನಿಲ್ಲಿಸಿದ ಮೇಲೆಯೇ.

ಕಂಚಿಯ ವಿಷಯಕ್ಕೆ ಬಂದರೆ, ಅಮ್ಮ ಗೊತ್ತಿಲ್ಲದೆಯೇ ಸರಿಯಾದ ವಿಳಾಸ ಹೇಳಿದ್ದರು. ಮೂಕರಿಗೂ ಕಂಚಿಗೂ ಹಳೆಯ ನಂಟಿದೆ. ಹುಟ್ಟಿನಿಂದ ಮಾತು ಬಾರದ ಒಬ್ಬನಿಗೆ ಕಾಮಾಕ್ಷಿ ತನ್ನ ಬಾಯ ತಾಂಬೂಲವನ್ನು ಕೊಟ್ಟಳು, ಅವನು ಒಡನೆ ಕವಿತೆಯಾಗಿ ಉಕ್ಕಿದ ಎಂಬ ಪ್ರತೀತಿ. ಅವನ ಹೆಸರಿನಲ್ಲಿ ನಿಂತಿರುವ ಕೃತಿ ‘ಮೂಕಪಂಚಶತೀ’, ಐದು ಶತಕ, ಒಟ್ಟು 500 ಶ್ಲೋಕ. ಶತಕಗಳ ವಸ್ತು ಗಮನಿಸುವಂಥದ್ದು. ಒಂದು ಪೂರ್ತಿ ಶತಕ ದೇವಿಯ ಕಡೆಗಣ್ಣಿಗೆ, ಇನ್ನೊಂದು ಪೂರ್ತಿ ಶತಕ ಅವಳ ಮುಗುಳ್ನಗೆಗೆ. ಕಣ್ಣು ಮತ್ತು ತುಟಿಯಂಚು, ಎರಡೂ ಮಾತಿಲ್ಲದೆ ಮಾತಾಡುವ ಅಂಗಗಳು. ಬಾಯಿ ಬಿಟ್ಟು ಹೇಳಲಾರದೆ ಬಹುಕಾಲ ಎದುರಿನವರ ಮುಖವನ್ನೇ ಓದಿದವನಿಗಲ್ಲದೆ ಬರಿಯ ಒಂದು ನಗುವಿನ ಮೇಲೆ ನೂರು ಪದ್ಯ ಹೊಳೆಯುವುದು ಕಷ್ಟ.

ಭಕ್ತರ ಬಾಯಲ್ಲಿ ನಿತ್ಯ ಓಡಾಡುವ ಇನ್ನೊಂದು ಶ್ಲೋಕವಿದೆ. ಮೂಕನನ್ನು ಮಾತಾಡಿಸುವ, ಕುಂಟನನ್ನು ಬೆಟ್ಟ ಹತ್ತಿಸುವ ಮಾಧವನ ಕೃಪೆಯನ್ನು ಹೊಗಳುವ ಶ್ಲೋಕ. ಅದರಲ್ಲಿ ಮೂಕ ಆಗುವುದು ‘ವಾಗ್ಮಿ’ ಅಲ್ಲ, ‘ವಾಚಾಲ’. ಪಾಣಿನೀಯ ವ್ಯಾಕರಣದ ಪ್ರಕಾರ ಆ ಪ್ರತ್ಯಯ ಹತ್ತುವುದು ಬೇಕಾದ್ದಕ್ಕಿಂತ ಹೆಚ್ಚು ಮಾತಾಡುವವನಿಗೆ. ಕನ್ನಡದ ‘ವಾಚಾಳಿ’ ಅವನೇ. ದೇವರು ಕೊಡುವಾಗ ಅಳತೆ ನೋಡುವುದಿಲ್ಲ ಎಂದು ಭಕ್ತರು ಅರ್ಥ ಮಾಡಿಕೊಳ್ಳಬಹುದು. ಮೇಷ್ಟ್ರ ಹೆಂಡತಿಗೆ ಮಾತ್ರ, ಮೌನದ ವಾರಗಳು ಮುಗಿದು ಇವರಿಗೆ ಸ್ವರ ಮರಳಿದಾಗ, ಆ ಶ್ಲೋಕದ ಪದಪ್ರಯೋಗ ಎಷ್ಟು ಖಚಿತ ಎನ್ನುವುದು ಮನದಟ್ಟಾಯಿತು.

ಕನ್ನಡದ ಅತ್ಯಂತ ಮಾತುಗಾರ್ತಿ ಅಜ್ಜಿಯ ಹೆಸರಿನಲ್ಲೂ ‘ಮೂಕ’ವೇ ಇದೆ. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ 1968ರಲ್ಲಿ ಬಂತು, 1977ನೇ ಸಾಲಿನ ಜ್ಞಾನಪೀಠವನ್ನು ಕಾರಂತರಿಗೆ ತಂದಿತು. ಮೂಕಜ್ಜಿ ಮಾತು ಬಾರದ ಅಜ್ಜಿಯಲ್ಲ. ಮೂಕಾಂಬಿಕೆಯ ಹೆಸರು ಹೊತ್ತ ಬಾಲವಿಧವೆ. ಮೊಮ್ಮಗ ಸುಬ್ಬರಾಯನೊಡನೆ ದೇವರು, ಕಾಮ, ಸಾವು, ಊರಿನ ಹಳೆಯ ಪಾಪಗಳು ಎಲ್ಲದರ ಬಗೆಗೂ ಅಂಜಿಕೆಯಿಲ್ಲದೆ ಮಾತಾಡುತ್ತಾಳೆ. ಕೇಳುವ ಒಬ್ಬ ಮೊಮ್ಮಗ ಸಿಗುವ ಮೊದಲು ಊರಿಗೆ ಅವಳು ಅರೆಹುಚ್ಚಿ. 2019ರಲ್ಲಿ ಪಿ. ಶೇಷಾದ್ರಿ ಅದನ್ನು ಸಿನಿಮಾ ಮಾಡಿದಾಗ ಅಜ್ಜಿಯಾದವರು ಬಿ. ಜಯಶ್ರೀ. ರಂಗಭೂಮಿಯಲ್ಲಿ ಕಂಠಕ್ಕೇ ಹೆಸರಾದವರು.

ಸಿನಿಮಾದ ಮಾತು ಬಂತಲ್ಲ, ‘ಮೂಕಿ’ಯ ಕಥೆಯೂ ಇದಕ್ಕಿಂತ ಬೇರೆಯಲ್ಲ. 1913ರಲ್ಲಿ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ತೆರೆಗೆ ಬಂದಾಗ ಅದನ್ನು ಯಾರೂ ಮೂಕಿಚಿತ್ರ ಎಂದು ಕರೆಯಲಿಲ್ಲ. ಅದು ಬರಿಯ ಚಿತ್ರ, ಚಲಿಸುವ ಅದ್ಭುತ. ಟೆಂಟಿನಲ್ಲಿ ಸದ್ದಿಗೆ ಬರವೂ ಇರಲಿಲ್ಲ. ಹಾರ್ಮೋನಿಯಂ, ತಬಲ, ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವವನು, ಅವನನ್ನು ಮೀರಿಸುವ ಪ್ರೇಕ್ಷಕರು. ಏಣಾಕ್ಷಿ ರಾಮರಾವ್ ನಾಯಕಿಯಾಗಿ, ಕಮಲಾದೇವಿ ಚಟ್ಟೋಪಾಧ್ಯಾಯರೂ ಅಭಿನಯಿಸಿ, ಮೋಹನ್ ಭವನಾನಿ ನಿರ್ದೇಶಿಸಿದ ‘ವಸಂತಸೇನಾ’ ಅದೇ ಯುಗದ್ದು. 1931ರಲ್ಲಿ ‘ಆಲಂ ಆರಾ’, 1934ರ ಮಾರ್ಚ್ 3ರಂದು ಕನ್ನಡದ ‘ಸತಿ ಸುಲೋಚನ’ ಬಂದು ಮಾತಾಡತೊಡಗಿದ ಮೇಲೆ ಹಿಂದಿನವೆಲ್ಲ ಹಠಾತ್ತನೆ ಮೂಕಿಗಳಾದವು. ಟಾಕಿಗೆ ಪ್ರಾಸ ಕೂಡುವಂಥ ಹೆಸರು. ಎದುರಿಗೆ ಮಾತಾಡುವ ಒಬ್ಬ ಬಂದು ನಿಲ್ಲದೆ ಇನ್ನೊಬ್ಬ ಮೂಕನಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಸಿಗದು. ಸಂಭಾಷಣೆಯೇ ಇಲ್ಲದ ‘ಪುಷ್ಪಕ ವಿಮಾನ’ವನ್ನು ಸಿಂಗೀತಂ ಶ್ರೀನಿವಾಸರಾವ್ 1987ರಲ್ಲಿ ಬೆಂಗಳೂರಿನಲ್ಲಿ ತೆಗೆದರು. ಅದು ಭಾಷೆಯ ಗಡಿಯಿಲ್ಲದೆ ಓಡಿತು.

ಭಾಷೆಯ ಗಡಿ ಎದ್ದಲ್ಲಿಯೂ ಮೂಕರು ಹುಟ್ಟುತ್ತಾರೆ. ರಷ್ಯನ್ನರು ಜರ್ಮನ್ನರನ್ನು ಇಂದಿಗೂ ‘ನೇಮೆತ್ಸ್’ ಎನ್ನುತ್ತಾರೆ. ಮಾತು ಬಾರದವ ಎಂಬ ಅರ್ಥದ ಪದದಿಂದ ಬಂದದ್ದು. ಕಾಂಟ್ ಮತ್ತು ಗಯಟೆಯ ಜನ ಮೂಕರಂತೆ! ನಮಗೆ ತಿಳಿಯದ ಭಾಷೆಯನ್ನಾಡುವವನು ನಮ್ಮ ಪಾಲಿಗೆ ಮೂಕ. ಪದ ಅಂಟಿಕೊಳ್ಳುವುದು ಆಡುವವನ ನಾಲಿಗೆಗೆ, ಕೊರತೆ ಇರುವುದು ಕೇಳುವವನ ಕಿವಿಯಲ್ಲಿ.

ಈ ಕೇಳುವ ಕಿವಿಯ ಪ್ರಶ್ನೆಯನ್ನು ನೇರವಾಗಿ ಎತ್ತಿದವರು ಅಂಬೇಡ್ಕರ್. 1920ರ ಜನವರಿ 31ರಂದು ಮುಂಬಯಿಯಲ್ಲಿ ಅವರು ಆರಂಭಿಸಿದ ಮರಾಠಿ ಪಾಕ್ಷಿಕದ ಹೆಸರು ‘ಮೂಕನಾಯಕ’. ನಮ್ಮ ಬೆಳಗಾವಿಯ ನೆರೆಯ ಕೊಲ್ಹಾಪುರದ ಶಾಹೂ ಮಹಾರಾಜರು ಅದಕ್ಕೆ 2500 ರೂಪಾಯಿ ನೆರವಿತ್ತರು. ಶತಮಾನಗಳ ಕಾಲ ಅಸ್ಪೃಶ್ಯರೆನಿಸಿಕೊಂಡವರು ಮಾತು ಬಾರದವರಾಗಿರಲಿಲ್ಲ. ಹಾಡು, ಕಥೆ, ಬೈಗುಳ, ಲಾವಣಿ ಎಲ್ಲ ಅವರಲ್ಲಿದ್ದವು. ಅಚ್ಚುಮೊಳೆ ಅಪರೂಪ, ಅವರ ಅಳಲನ್ನು ಅಚ್ಚು ಹಾಕುವ ಪತ್ರಿಕೆಯೂ ಅಪರೂಪ. ಪತ್ರಿಕೆ ಕೆಲವೇ ವರ್ಷಗಳಲ್ಲಿ ನಿಂತಿತು. 1927ರಲ್ಲಿ ಅಂಬೇಡ್ಕರ್ ಮತ್ತೊಂದನ್ನು ಹೊರಡಿಸಿದಾಗ ಅದರ ಹೆಸರು ‘ಬಹಿಷ್ಕೃತ ಭಾರತ’. ಏಳು ವರ್ಷಗಳಲ್ಲಿ ‘ಮೂಕ’ ಹೋಗಿ, ಮೂಕರನ್ನಾಗಿಸಿದ ಕೃತ್ಯವೇ ಮುಖಪುಟಕ್ಕೆ ಬಂದಿತ್ತು.

ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತೇವೆ. ಆದರೆ ಮೂಕನ ಕೈಗೆ ಆ ಬಂಗಾರವನ್ನು ಯಾರೂ ಕೊಟ್ಟಿಲ್ಲ. ಮೌನ ಮುನಿಗೆ ಸೇರಿದ್ದು, ಬೇಕೆಂದು ಹಿಡಿಯುವ ವ್ರತ. ಗಾಂಧೀಜಿ ಸೋಮವಾರ ಮಾತು ಬಿಟ್ಟು ಚೀಟಿ ಬರೆದರೆ ದೇಶದ ನಾಯಕರು ಆ ಚೀಟಿಗಾಗಿ ಕಾದು ಕೂರುತ್ತಿದ್ದರು. ಮಾತು ಬಾರದ ಹುಡುಗ ಚೀಟಿ ಬರೆದು ಕೌಂಟರಿನೊಳಗೆ ತಳ್ಳಿದರೆ ಒಳಗಿನವರು ಮುಖ ತಿರುಗಿಸುತ್ತಾರೆ. ‘ಅಮರಕೋಶ’ ಒಂದೇ ಸಾಲಿನಲ್ಲಿ ಜಡನನ್ನೂ ‘ಏಡಮೂಕ’ನನ್ನೂ ಅಕ್ಕಪಕ್ಕ ಕೂರಿಸಿದೆ. ಇಂಗ್ಲಿಷಿನಲ್ಲಿ ‘ಡಂಬ್’ ಎಂದರೆ ಮೂಕ, ಬರಬರುತ್ತ ಪೆದ್ದ. ಎಲ್ಲ ಭಾಷೆಗಳೂ ಈ ಅನ್ಯಾಯದಲ್ಲಿ ಒಂದೇ ಶಾಲೆಯಲ್ಲಿ ಓದಿವೆ. ಆದರೂ ಅಮರಕೋಶದ ಕರ್ತೃ ಅಮರಸಿಂಹನಿಗೆ ಒಂದು ಅಂಕ ಹೆಚ್ಚು ಕೊಡಬೇಕು. ಏಡಮೂಕ ಯಾರು ಎಂದರೆ ಆಡಲು, ಕೇಳಲು ‘ಅಶಿಕ್ಷಿತ’ನಾದವನು ಎಂದು ಅವನು ಅರ್ಥ ಹೇಳುತ್ತಾನೆ. ಆಗದವನು ಎನ್ನಲಿಲ್ಲ, ಕಲಿಸಲ್ಪಡದವನು ಎಂದ.

ಅದು ದೇಹದ ಸತ್ಯಕ್ಕೂ ಹತ್ತಿರ. ನಾವು ಮೂಗರೆಂದು ಕರೆಯುವ ಬಹುಪಾಲು ಜನರ ಗಂಟಲಿಗೆ ಯಾವ ದೋಷವೂ ಇಲ್ಲ. ಸ್ವರತಂತು ಮೇಷ್ಟ್ರದಕ್ಕಿಂತ ಗಟ್ಟಿಮುಟ್ಟಾಗಿರುತ್ತದೆ. ಹುಟ್ಟಿನಿಂದ ಕಿವಿ ಕೇಳದ ಮಗುವಿಗೆ ಮಾತು ಕಿವಿಗೆ ಬೀಳುವುದಿಲ್ಲ, ಬೀಳದ್ದು ಬಾಯಿಗೆ ಬರುವುದಿಲ್ಲ. ಡಾಕ್ಟರ ಬೋರ್ಡು ಹೇಳುವ ಕ್ರಮವೇ ಸರಿ, ಮೊದಲು ಕಿವಿ, ಗಂಟಲು ಕೊನೆಗೆ. 2011ರ ಜನಗಣತಿಯಲ್ಲಿ ದೇಶದಲ್ಲಿ ಶ್ರವಣದೋಷವುಳ್ಳವರು 50 ಲಕ್ಷಕ್ಕೂ ಹೆಚ್ಚು, ಮಾತಿನ ದೋಷವುಳ್ಳವರು ಸುಮಾರು 20 ಲಕ್ಷ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಸಂಸ್ಥೆಯ ಹೆಸರಿನಲ್ಲೇ ಈ ಎರಡನ್ನೂ ಜೋಡಿಸಿದ್ದಾರೆ: ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಅಲ್ಲಿ ತರಬೇತಾದವರು ಇಂದು ದೇಶದುದ್ದಕ್ಕೂ ಎಳೆಯ ಮಕ್ಕಳ ಕಿವಿ ಪರೀಕ್ಷಿಸುತ್ತಿದ್ದಾರೆ.

ಮೇಷ್ಟ್ರ ಪೇಟೆಯಲ್ಲಿ ಒಬ್ಬ ಟೈಲರ್ ಇದ್ದಾರೆ. ಕಿವಿ ಕೇಳದು, ಮಾತು ಬಾರದು. ಊರಿಗೆಲ್ಲ ಅದು ‘ಮೂಗನ ಅಂಗಡಿ’. ಬಸ್ಸಿನ ಕಂಡಕ್ಟರನೂ ಅದೇ ಗುರುತು ಹೇಳಿ ಇಳಿಸುತ್ತಾನೆ. ಸ್ವರ ಬಿದ್ದ ದಿನಗಳಲ್ಲಿ ಮೇಷ್ಟ್ರು ಪ್ಯಾಂಟಿನ ಅಂಚು ಹೊಲಿಸಲು ಅಲ್ಲಿಗೆ ಹೋದರು. ಗಂಟಲು ತೋರಿಸಿ, ಕೈಯಾಡಿಸಿ, ಇಲ್ಲ ಎಂದರು. ಟೈಲರ್ ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಅವರಿಬ್ಬರ ನಡುವೆ ನಡೆದ ಹರಟೆ ಆ ವಾರದ ಏಕೈಕ ಸುಸೂತ್ರ ಸಂಭಾಷಣೆ. ಮಳೆ ಎಷ್ಟು, ಅಡಿಕೆ ರೇಟು ಎಷ್ಟು, ಹೆಡ್‌ಮಾಸ್ಟರರ ಹೊಟ್ಟೆ ಈ ವರ್ಷ ಎಷ್ಟು ಇಂಚು ಬೆಳೆಯಿತು, ಎದುರು ಅಂಗಡಿಯವನ ನಡಿಗೆ ಹೇಗಿದೆ, ಎಲ್ಲ ಬಂತು. ಎದುರು ಅಂಗಡಿಯವನ ನಡಿಗೆಯನ್ನು ಟೈಲರ್ ಅಭಿನಯಿಸಿದ್ದನ್ನು ಮಾತಿನಲ್ಲಿ ಹೇಳಿದರೆ ಮಾನನಷ್ಟ ಮೊಕದ್ದಮೆ ಆದೀತು. ವರ್ಷಗಟ್ಟಲೆ ಆ ಅಂಗಡಿಗೆ ಹೋಗಿಬರುವ ಗಿರಾಕಿಗಳು ಅವರಿಂದ ಕಲಿತದ್ದು ‘ನಾಳೆ’, ‘ನಾಡಿದ್ದು’ ಎಂಬ ಎರಡೇ ಸನ್ನೆ. ಅವರು ಮಾತ್ರ ಊರಿನವರ ತುಟಿಯೋಟವನ್ನೆಲ್ಲ ಕಲಿತಿದ್ದಾರೆ.

ಸನ್ನೆಯನ್ನು ಭಾಷೆಯೆಂದು ಒಪ್ಪಲು ಜಗತ್ತು ತೆಗೆದುಕೊಂಡ ಸಮಯ ಸಣ್ಣದಲ್ಲ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಕಿವುಡರ ಶಿಕ್ಷಣದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಸೇರಿದವರಲ್ಲಿ ಬಹುತೇಕರು ಕಿವಿ ಕೇಳುವವರೇ. ಶಾಲೆಗಳಲ್ಲಿ ಸನ್ನೆ ಬಿಡಿಸಿ ಬಾಯಿಮಾತನ್ನೇ ಕಲಿಸಬೇಕೆಂದು ಅವರು ನಿರ್ಣಯಿಸಿದರು. ಸನ್ನೆ ಮಾಡುವ ಕಿವುಡ ಶಿಕ್ಷಕರು ಕೆಲಸ ಕಳೆದುಕೊಂಡರು, ಮಕ್ಕಳ ಕೈ ಕಟ್ಟಿ ಕೂರಿಸಿದ ಶಾಲೆಗಳಿದ್ದವು. ‘ಮೂ’ ಧಾತುವಿನ ‘ಕಟ್ಟು’ ಎಂಬ ಅರ್ಥ ಅಲ್ಲಿ ಅಕ್ಷರಶಃ ನಿಜವಾಯಿತು. ನಾಲಿಗೆ ಕಟ್ಟಿದ್ದು ದೈವವಾದರೆ ಕೈ ಕಟ್ಟಿದ್ದು ಮೇಷ್ಟ್ರುಗಳು. ಆ ನಿರ್ಣಯಗಳನ್ನು ಅದೇ ಸಮ್ಮೇಳನದ ಮುಂದಿನ ಪೀಳಿಗೆ ತಿರಸ್ಕರಿಸಿ ವಿಷಾದ ಸೂಚಿಸಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರಿನಲ್ಲಿ.

ನಮ್ಮಲ್ಲಿ 1995ರ ಅಂಗವಿಕಲರ ಕಾಯ್ದೆ ಗುರುತಿಸಿದ್ದ ವೈಕಲ್ಯಗಳು ಏಳು. ಮಾತಿನದು ಪ್ರತ್ಯೇಕವಾಗಿ ಅದರಲ್ಲಿ ಇರಲಿಲ್ಲ. 2016ರ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿತು. ‘ವಾಕ್ ಮತ್ತು ಭಾಷಾ ನ್ಯೂನತೆ’ ಅದರಲ್ಲಿ ಸೇರಿತು. ಕ್ಯಾನ್ಸರಿನಿಂದ ಧ್ವನಿಪೆಟ್ಟಿಗೆ ತೆಗೆಸಿಕೊಂಡವರು, ಮಿದುಳಿನ ಹೊಡೆತದಿಂದ ಮಾತು ಕಳೆದುಕೊಂಡವರು ಅದರಡಿ ಬರುತ್ತಾರೆ. ಧ್ವನಿಪೆಟ್ಟಿಗೆ ಹೋದವರಿಗೆ ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಪುಟ್ಟ ಸಿಲಿಕೋನ್ ಕವಾಟ ಕೂರಿಸಿ ಮತ್ತೆ ಮಾತಾಡಿಸುವ ವಿಧಾನವಿದೆ. ವಿದೇಶಿ ಕವಾಟದ ಬೆಲೆ ಸಾವಿರಾರು ರೂಪಾಯಿ. ಬೆಂಗಳೂರಿನ ಕ್ಯಾನ್ಸರ್ ಶಸ್ತ್ರವೈದ್ಯ ವಿಶಾಲ್ ರಾವ್ ಮತ್ತು ಅವರ ಗೆಳೆಯರು ನೂರು ರೂಪಾಯಿಯೊಳಗೆ ಸಿಗುವಂಥದ್ದನ್ನು ರೂಪಿಸಿ ಅದಕ್ಕೆ ‘ಓಂ’ ಎಂದು ಹೆಸರಿಟ್ಟರು.

2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಪೀಠದೆದುರು ಸನ್ನೆಭಾಷೆಯ ದುಭಾಷಿಯ ಮೂಲಕ ಹಾಜರಾದರು. 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟಿನಲ್ಲೂ ಸನ್ನೆಭಾಷೆಯಲ್ಲೇ ವಾದ ಮಂಡಿಸಿದರು. ಅದೇ ವರ್ಷದ ಜುಲೈಯಲ್ಲಿ ಸುಪ್ರೀಂ ಕೋರ್ಟು, ಅಂಗವಿಕಲರನ್ನು ಸಿನಿಮಾಗಳು ಹೇಗೆ ತೋರಿಸಬೇಕು, ಯಾವ ಬಗೆಯ ಪದಗಳನ್ನು ಬಿಡಬೇಕು ಎಂಬ ಬಗ್ಗೆ ಮಾರ್ಗಸೂಚಿ ಕೊಟ್ಟಿತು. ಕನ್ನಡ ಹಾಸ್ಯದೃಶ್ಯಗಳಲ್ಲಿ ‘ಬ್ಯಾ ಬ್ಯಾ’ ಎನ್ನುವ ಪಾತ್ರಗಳನ್ನು ಬರೆಯುವವರು ಅದನ್ನೊಮ್ಮೆ ಓದಬೇಕು.

ಪದವನ್ನು ಹೂತುಹಾಕಿ ಎಂದು ಈ ಮೇಷ್ಟ್ರು ಹೇಳುತ್ತಿಲ್ಲ. ಮೂಕವಿಸ್ಮಿತರಾಗುವ ಸುಖ ಕನ್ನಡಿಗರಿಗೆ ಇರಲಿ, ಮೂಕಾಂಬಿಕೆ ಇರಲಿ, ಮೂಕಜ್ಜಿ ಇರಲಿ. ಆದರೆ ಎದುರಿಗೆ ನಿಂತ ಮನುಷ್ಯನಿಗೆ ಅವರದೇ ಹೆಸರಿದೆ, ಅಂಗಡಿಗೆ ಬೋರ್ಡಿದೆ, ಅದನ್ನು ಓದಿ ದಾರಿ ಹೇಳಿದರೆ ಸಾಕು. ಹಾಗೆಯೇ ಇನ್ನೊಂದು ಕೆಲಸ. ದೆಹಲಿಯ ಭಾರತೀಯ ಸನ್ನೆಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2021ರಲ್ಲಿ ಹೊರತಂದ ನಿಘಂಟಿನ ಮೂರನೆಯ ಆವೃತ್ತಿಯಲ್ಲಿ 10,000 ಪದಗಳಿವೆ. ಮೊಬೈಲಿನಲ್ಲಿ ವಿಡಿಯೊ ಸಮೇತ ಸಿಗುತ್ತದೆ, ದುಡ್ಡು ಕೊಡಬೇಕಾಗಿಲ್ಲ. ‘ಹೇಗಿದ್ದೀರಿ’, ‘ಊಟ ಆಯ್ತಾ’, ‘ಥ್ಯಾಂಕ್ಸ್’ ಇಷ್ಟನ್ನು ಕಲಿಯಲು ಒಂದು ಸಂಜೆ ಸಾಕು. ಓದುಗರು ಇದನ್ನು ಮುಗಿಸಿ ಫೋನು ಕೆಳಗಿಡುವ ಮೊದಲು ಕಲಿತುಕೊಳ್ಳಲಿ.